ಸಾಗರದ ಮೀನೂಟದ ಮೆಸ್: ರುಚಿಗೆ ಮೂರೂವರೆ, ಅಕ್ಕನಿಗೆ ಐದಕ್ಕೆ ಐದು

ಮೊದಲೇ ಹೇಳಿಬಿಡ್ತೀನಿ, ಇಲ್ಲಿನ ಸಾಂಬಾರು ಅಷ್ಟಕ್ಕಷ್ಟೇ. ಬರೀ ತರಕಾರಿ ಊಟ ಬೇಕು ಅನ್ನುವವರು ಬೇರೆ ಕಡೆ ನೋಡಿಕೊಳ್ಳಿ. ಇಲ್ಲಿಗೆ ಹೋಗಬೇಕಾದ್ದು ಬಂಗುಡೆಗೆ. ಹೊನ್ನಾವರದಿಂದ ಘಟ್ಟ ಹತ್ತಿ ಬಂದ ಮೀನು ಮಧ್ಯಾಹ್ನದ ಹೊತ್ತಿಗೆ ಕಾವಲಿ ಮೇಲೆ ಇರುತ್ತದೆ. ಮಸಾಲೆ ಸುಮ್ನೆ ಮೆತ್ತಿರಲ್ಲ, ಅಂಚು ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ಅಕ್ಕಿ ರೊಟ್ಟಿ, ತೆಳ್ಳಗಿನ ಮುರುಗಲು ಸಾರು. ಮಳೆಗಾಲದಲ್ಲಿ ಕಳಲೆ ಪಲ್ಯ ಇದೆಯಾ ಅಂತ ಕೇಳಿ, ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.

ಬೋರ್ಡಿನ ಬಣ್ಣ ಪೂರ್ತಿ ಹೋಗಿದೆ. ಎಲ್ಲರೂ ಅಕ್ಕನ ಮೆಸ್ ಅಂತಲೇ ಕರೆಯುವುದು. ಒಳಗೆ ಉದ್ದ ಬೆಂಚುಗಳು, ಗುರುತಿಲ್ಲದವರ ಪಕ್ಕ ಒತ್ತಿಕೊಂಡೇ ಕೂರಬೇಕು. ಫ್ಯಾಮಿಲಿ ರೂಮ್ ಗೀಮ್ ಏನೂ ಇಲ್ಲ.

ಇಷ್ಟಕ್ಕೇ ಆಗಿದ್ದರೆ ನಾನು ರಿವ್ಯೂ ಬರೆಯುತ್ತಿರಲಿಲ್ಲ. ಕಳೆದ ಸಲ ನನ್ನ ಜೊತೆ ಬಂದಿದ್ದ ಗೆಳೆಯ ಯಲ್ಲಾಪುರ ಕಡೆಯವನು, ಸಿದ್ದಿ ಸಮುದಾಯದವನು. ಅವನ ಹಿಂದಿನವರನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತಂದಿದ್ದರು, ಅಲ್ಲಿಂದೀಚೆಗೆ ಎಷ್ಟೋ ತಲೆಮಾರು ಇದೇ ಕಾಡಿನಲ್ಲಿ ಬಾಳಿವೆ. 2003ರಲ್ಲಿ ಸರ್ಕಾರ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೇ ಹೋದರು. ಆದರೂ ಇವನಿಗೆ ಎಲ್ಲಿ ಹೋದರೂ "ಯಾವ ದೇಶ?" ಅಂತ ಕೇಳುವುದು ತಪ್ಪಿಲ್ಲ. "ಯಲ್ಲಾಪುರ ದೇಶ" ಅಂತಾನೆ, ನಗ್ತಾನೆ. ಒಂದು ಲಾಡ್ಜಿನಲ್ಲಿ ಆಧಾರ್ ಕೊಟ್ಟ ಮೇಲೂ ಪಾಸ್‌ಪೋರ್ಟ್ ತೋರಿಸು ಅಂದಿದ್ದರಂತೆ. ಅದನ್ನು ಹೇಳುವಾಗ ಮಾತ್ರ ನಗಲಿಲ್ಲ.

ಅವತ್ತು ಅವನ ಪಕ್ಕ ಕೂತಿದ್ದವರೊಬ್ಬರು ತಟ್ಟೆ ಹಿಡಿದುಕೊಂಡು ಎದ್ದರು. "ಅಕ್ಕಾ, ಇವರನ್ನೆಲ್ಲ ಆಚೆ ಕೂರಿಸಿ, ನಮಗೆ ಊಟ ಸೇರಲ್ಲ" ಅಂದರು. ಮೆಲ್ಲಗೇನೂ ಅಲ್ಲ, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಗೊತ್ತಾಯಿತು, ಆ ಮನುಷ್ಯ ಕಂಟ್ರಾಕ್ಟರು, ಕೆಲಸದವರಿಗೆ ದಿನಾ ಇಲ್ಲಿಂದಲೇ ಪಾರ್ಸೆಲ್ ಒಯ್ಯುವ ಗಿರಾಕಿ.

ಅಕ್ಕ ಸಾರಿನ ಸೌಟು ಕೆಳಗಿಡಲೂ ಇಲ್ಲ. "ಅಣ್ಣಾ, ಇಲ್ಲಿ ಇರೋದು ಒಂದೇ ಪಂಕ್ತಿ. ಸೇರಲ್ಲ ಅಂದ್ರೆ ನಿಮ್ಮದನ್ನೇ ಪಾರ್ಸೆಲ್ ಕಟ್ಟಿಕೊಡ್ತೀನಿ" ಅಂದರು. ಆ ಮನುಷ್ಯ ಹೊರಟುಹೋದರು. ಅಕ್ಕ ನನ್ನ ಗೆಳೆಯನ ಹತ್ತಿರ ಬಂದು ಕ್ಷಮೆ ಗಿಮೆ ಅಂತೇನೂ ರಾಗ ಎಳೆಯಲಿಲ್ಲ. "ಇನ್ನೊಂದು ರೊಟ್ಟಿ ಹಾಕ್ಲಾ ತಮ್ಮಾ?" ಅಂತ ಕೇಳಿದರು, ಅಷ್ಟೇ. ಅವನು ಎರಡು ಹಾಕಿಸಿಕೊಂಡ.

ಅಮೆರಿಕದ ಗ್ರೀನ್ಸ್‌ಬರೊ ಊರಿನ ಕಥೆ ಕೆಲವರಿಗೆ ಗೊತ್ತಿರಬಹುದು. 1960ರ ಫೆಬ್ರವರಿ 1ರಂದು ನಾಲ್ಕು ಜನ ಕಪ್ಪು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಗೆ ಹೋದರು. ಟೂತ್‌ಪೇಸ್ಟ್ ಕೊಂಡರು, ಅಂಗಡಿಯವರು ದುಡ್ಡು ತಗೊಂಡರು. ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರೆ, ಇಲ್ಲಿ ಬಿಳಿಯರಿಗೆ ಮಾತ್ರ ಅಂತ ಕೊಡಲಿಲ್ಲ. ಹುಡುಗರು ಬಾಗಿಲು ಹಾಕುವ ತನಕ ಏಳಲಿಲ್ಲ, ಮಾರನೇ ದಿನ ಇನ್ನಷ್ಟು ಜನರನ್ನು ಕರೆದುಕೊಂಡು ಬಂದರು, ಹಾಗೇ ಬೇರೆ ಬೇರೆ ಊರುಗಳಿಗೂ ಹಬ್ಬಿತು. ಅಂಗಡಿಯವರು ಮಣಿದದ್ದು ಜುಲೈ 25ಕ್ಕೆ, ಅದೂ ವ್ಯಾಪಾರಕ್ಕೆ ಸರಿಯಾಗಿ ಹೊಡೆತ ಬಿದ್ದ ಮೇಲೆ. ಅಲ್ಲಿ ಧೈರ್ಯ ಇದ್ದದ್ದು ಗಿರಾಕಿಗಳಿಗೆ, ಗಲ್ಲಾದ ಹಿಂದೆ ಕೂತವರಿಗಲ್ಲ. ನಮ್ಮ ಅಕ್ಕ ಗಲ್ಲಾಕ್ಕೆ ಹೊಡೆತ ಬೀಳುತ್ತೆ ಅಂತ ಗೊತ್ತಿದ್ದೇ ಆ ಮಾತು ಆಡಿದರು. ನಾನು ಐದು ಸ್ಟಾರ್ ಕೊಟ್ಟಿದ್ದು ಅದಕ್ಕೆ.

ಇದರಲ್ಲೇನು ದೊಡ್ಡ ವಿಷಯ, ಕಾನೂನೇ ಇದೆಯಲ್ಲ ಅನ್ನಬಹುದು. ಇದೆ. ಹೋಟೆಲ್ಲು, ಅಂಗಡಿಗೆ ಹೋಗುವವರನ್ನು ಜಾತಿ, ಧರ್ಮ, ಜನಾಂಗದ ಕಾರಣಕ್ಕೆ ತಡೆಯುವ ಹಾಗಿಲ್ಲ ಅಂತ ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ 1950ರಿಂದಲೇ ಇದೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಅಂತ ಅಂಥ ಕಾನೂನು ಬಂದದ್ದು 1964ರಲ್ಲಿ. ಬರಹದಲ್ಲಿ ನಾವೇ ಮುಂದೆ. ಆದರೆ ತೋಟದ ಕೆಲಸಕ್ಕೆ ಬಂದವರಿಗೆ ಹಿತ್ತಲಲ್ಲಿ ಬೇರೆ ಲೋಟ ಇಟ್ಟಿರುವ ಮನೆ ಮಲೆನಾಡಿನಲ್ಲಿ ಒಂದೂ ಉಳಿದಿಲ್ಲ ಅಂತ ಎದೆ ಮುಟ್ಟಿ ಹೇಳೋಕಾಗುತ್ತಾ? ಸೌಟು ಹಿಡಿದವರು ಒಂದು ಮಾತು ಆಡದಿದ್ದರೆ 15ನೇ ವಿಧಿ ಬಂದು ಬೆಂಚಿನ ಮೇಲೆ ಜಾಗ ಮಾಡಿಕೊಡಲ್ಲ.

ಕಂಟ್ರಾಕ್ಟರ ಪಾರ್ಸೆಲ್ ನಿಂತುಹೋಗಿದೆಯಂತೆ, ಸರ್ವ್ ಮಾಡುವ ಹುಡುಗ ಹೇಳಿದ. ಅಕ್ಕನನ್ನು ಕೇಳಿದರೆ ಮಾತು ಮೀನಿನ ರೇಟಿಗೆ ತಿರುಗಿತು.

ಇನ್ನು ದೂರುಗಳು. ಕೈ ತೊಳೆಯುವ ಜಾಗ ಕಿಷ್ಕಿಂಧೆ, ಕಾಲಿಗೆಲ್ಲ ನೀರು. ಗಾಡಿ ನಿಲ್ಲಿಸಲು ಜಾಗ ಇಲ್ಲ. ಫೋನ್‌ಪೇ ನಡೆಯುತ್ತದೆ, ನೆಟ್‌ವರ್ಕ್ ಇದ್ದರೆ. ಸೋಮವಾರ ರಜೆ. ಮೀನು ಬೇಕಾದರೆ ಒಂದೂವರೆ ಒಳಗೆ ಹೋಗಿ, ಆಮೇಲೆ ಸಿಗುವುದು ಅದೇ ಸಾಂಬಾರು.