ಹನೋಯಿಯ ಮೊಟ್ಟೆ ಕಾಫಿ

ವಿಯೆಟ್ನಾಂ ರಾಜಧಾನಿ ಹನೋಯಿಯ ಹಳೇ ಪೇಟೆಗೆ ಹೋದರೆ ಗಿಯಾಂಗ್ ಕೆಫೆಗೆ ಹೋಗಿಯೇ ಬನ್ನಿ. ಇಕ್ಕಟ್ಟಾದ ಓಣಿ ದಾಟಿದರೆ ಪುಟ್ಟ ಪುಟ್ಟ ಸ್ಟೂಲುಗಳು. ನನ್ನ ಕಪ್ ಬಿಸಿನೀರಿನ ಬಟ್ಟಲಲ್ಲಿ ಕೂತು ಬಂತು. ಕಾಫಿ ಆರಬಾರದು ಅಂತ. ಮೇಲೆ ತಿಳಿ ಹಳದಿ ನೊರೆ, ಚಮಚ ಇಟ್ಟರೆ ನಿಧಾನಕ್ಕೆ ಮುಳುಗುವಷ್ಟು ಗಟ್ಟಿ. ಕೆಳಗೆ ಕಹಿ ಡಿಕಾಕ್ಷನ್. ಮೊಟ್ಟೆಯ ವಾಸನೆ ಒಂಚೂರೂ ಇಲ್ಲ.

1946ರಲ್ಲಿ ಹಾಲು ಸಿಗದಿದ್ದಾಗ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ನ್ಗುಯೆನ್ ವಾನ್ ಗಿಯಾಂಗ್ ಹಳದಿ ಲೋಳೆ ಕಡೆದು ಇದನ್ನು ಮಾಡಿದರು. ಕಾಫಿ ತಂದವರು ಫ್ರೆಂಚರು. ವಿಯೆಟ್ನಾಮಿನವರು ಆಳಿದವರನ್ನು ಓಡಿಸಿದರು, ಕಾಫಿಯನ್ನು ಮಾತ್ರ ತಮ್ಮದೇ ಮಾಡಿಕೊಂಡರು. ಫ್ರೆಂಚರ ಬ್ರೆಡ್ಡು ಬಾನ್ ಮಿ ಅನ್ನುವ ಸ್ಯಾಂಡ್‌ವಿಚ್ ಆಯಿತು, ಸಾಬೂನಿಗೆ ಇವತ್ತೂ ಫ್ರೆಂಚಿನಿಂದ ಬಂದ 'ಸಾ ಫೋಂಗ್' ಅನ್ನುತ್ತಾರೆ. ನಮ್ಮ 'ಸಾಬೂನು' ಪದವೂ ಹೊರಗಿನಿಂದಲೇ ಬಂದದ್ದು ಅಲ್ವಾ!

ಪಕ್ಕದ ಅಜ್ಜ ಸ್ಟೂಲ್ ಸರಿಸಿ ಜಾಗ ಕೊಟ್ಟರು. ಭಾಷೆ ಬರದಿದ್ದರೂ ಹೇಗೆ ಕಲಕಬೇಕು ಅಂತ ಕೈಸನ್ನೆಯಲ್ಲೇ ತೋರಿಸಿದರು. ಅದು ನನಗೆ ತುಂಬಾ ಹಿಡಿಸಿತು. ಆಮೇಲೆ ಬೇರೆ ಅಂಗಡಿಯೊಂದರಲ್ಲಿ ತಿಂದ ಬಾನ್ ಮಿ ಮೆತ್ತಗಾಗಿತ್ತು, ಬೇಜಾರಾಯಿತು. ಮೊಟ್ಟೆ ತಿನ್ನದವರು ಫಿನ್ ಅನ್ನುವ ಪುಟ್ಟ ಲೋಹದ ಫಿಲ್ಟರಿನಲ್ಲಿ ಇಳಿಸಿದ ಕಾಫಿ ಕೇಳಿ. ನಮ್ಮ ಫಿಲ್ಟರ್ ಕಾಫಿಗಿಂತ ಸ್ಟ್ರಾಂಗು, ಸಿಹಿಯೂ ಜಾಸ್ತಿ.