ಹಳೆ ಗೋವಾದಲ್ಲಿ ಒಂದೇ ಚರ್ಚಿಗೆ ಸಮಯವಿದ್ದರೆ: ಬೋಮ್ ಜೀಸಸೋ, ಸೇ ಕೆಥೆಡ್ರಲ್ಲೋ?

ಹಳೆ ಗೋವಾದಲ್ಲಿ ರಸ್ತೆಯ ಒಂದು ಬದಿಗೆ ಬೋಮ್ ಜೀಸಸ್ ಬೆಸಿಲಿಕಾ, ಇನ್ನೊಂದು ಬದಿಗೆ ಸೇ ಕೆಥೆಡ್ರಲ್ ಇವೆ. ಪ್ಯಾಕೇಜ್ ಟೂರಿನ ಬಸ್ಸುಗಳು ಸಾಮಾನ್ಯವಾಗಿ ಜನರನ್ನು ಮೊದಲನೆಯದಕ್ಕೆ ಕಳುಹಿಸಿ, ಎರಡನೆಯದನ್ನು ‘ಸಮಯ ಉಳಿದರೆ ನೋಡಿ ಬನ್ನಿ’ ಎಂಬ ಮಾತಿನಲ್ಲಿ ಮುಗಿಸಿಬಿಡುತ್ತವೆ. ಒಮ್ಮೆ ಟೂರಿನವರ ಜೊತೆ, ಆಮೇಲೊಮ್ಮೆ ನಾವು ನಾವೇ ಹೋಗಿ ಎರಡನ್ನೂ ನೋಡಿದ ಮೇಲೆ, ಈ ಕ್ರಮ ತಲೆಕೆಳಗಾಗಿರಬೇಕಿತ್ತು ಎಂದೇ ನನಗೆ ಅನ್ನಿಸಿದೆ.

ಬೋಮ್ ಜೀಸಸ್‌ಗೆ ಜನ ಮುಗಿಬೀಳುವುದು ಸಂತ ಫ್ರಾನ್ಸಿಸ್ ಝೇವಿಯರ್ ಅವರ ಪಾರ್ಥಿವ ಶರೀರಕ್ಕಾಗಿ. 1552ರಲ್ಲಿ ಚೀನಾ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡ ಸಂತರ ದೇಹವನ್ನು ಗೋವಾದ ಅಕ್ಕಸಾಲಿಗರು 1636-37ರ ಸುಮಾರಿಗೆ ಮಾಡಿದ ಬೆಳ್ಳಿಯ ಪೆಟ್ಟಿಗೆಯಲ್ಲಿ ಇರಿಸಲಾಗಿದೆ. ತೊಡಕಿರುವುದು ಆ ಪೆಟ್ಟಿಗೆಯ ಎತ್ತರದಲ್ಲಿ. ಇಟಲಿಯ ಟಸ್ಕನಿ ಪ್ರಾಂತ್ಯದ ದೊರೆ ಮೂರನೆಯ ಕೋಸಿಮೊ ಫ್ಲಾರೆನ್ಸಿನ ಶಿಲ್ಪಿ ಫೊಗ್ಗಿನಿಯಿಂದ ಮಾಡಿಸಿ ಕಳುಹಿಸಿದ, 1698ರಲ್ಲಿ ಇಲ್ಲಿ ಜೋಡಿಸಲಾದ ಅಮೃತಶಿಲೆಯ ಸಮಾಧಿಪೀಠದ ತುತ್ತತುದಿಯಲ್ಲಿ ಅದು ಕುಳಿತಿದೆ. ಕೆಳಗೆ ನಿಂತವರಿಗೆ ಬೆಳ್ಳಿಯ ಹೊಳಪು ಕಾಣುತ್ತದೆಯೇ ಹೊರತು, ಪೆಟ್ಟಿಗೆಯ ಮೈಮೇಲೆ ಸಂತರ ಜೀವನದ ಪ್ರಸಂಗಗಳನ್ನು ಬಿಡಿಸಿದ ಕುಸುರಿ ಕೆಲಸ ಒಂದಿಷ್ಟೂ ಗುರುತಿಗೆ ಸಿಗುವುದಿಲ್ಲ.

ಎತ್ತರವೊಂದೇ ಆಗಿದ್ದರೆ ಕತ್ತು ಮೇಲೆತ್ತಿ ಸಹಿಸಿಕೊಳ್ಳಬಹುದಿತ್ತು. ನಾವು ಹೋದ ಹೊತ್ತಿಗೆ ಹಲವು ಬಸ್ಸುಗಳ ಜನ ಒಟ್ಟಿಗೇ ಬಂದಿದ್ದರು. ಸಮಾಧಿಯ ಮುಂದಿನ ಇಕ್ಕಟ್ಟಿನ ಜಾಗಕ್ಕೆ ತಲುಪಿದ ಪ್ರತಿಯೊಬ್ಬರೂ ಮೊಬೈಲನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದುದರಿಂದ, ಹಿಂದಿದ್ದವರಿಗೆ ಸಂತರ ಪೆಟ್ಟಿಗೆ ಪರರ ಫೋನಿನ ಪರದೆಗಳಲ್ಲಿ ಚೂರುಚೂರಾಗಿ ಕಾಣುತ್ತಿತ್ತು. ಕುಳ್ಳಗಿರುವ ನನ್ನ ಅಮ್ಮ, “ಎಲ್ಲೋ ಇದೆ ಅದು? ನನಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣ್ತಿಲ್ಲ” ಎಂದರು. ನಾನು ಬೆರಳು ತೋರಿಸುವಷ್ಟರಲ್ಲಿ ಹಿಂದಿನಿಂದ ತಳ್ಳಾಟ ಶುರುವಾಗಿ ನಾವು ಪಕ್ಕದ ಬಾಗಿಲಿನತ್ತ ಸರಿದುಬಿಟ್ಟಿದ್ದೆವು. ಟೂರಿನವರು ಹೇಳಿದ್ದ ಗೈಡ್ ಬಸ್ಸಿನ ಮೈಕಿನಾಚೆ ಎಲ್ಲೂ ಕಾಣಿಸಲಿಲ್ಲ. ಕೊಟ್ಟ ಸಮಯವೆಲ್ಲ ಸಾಲಿನಲ್ಲೇ ಕಳೆದದ್ದರಿಂದ ಎದುರಿನ ಕೆಥೆಡ್ರಲ್ಲಿಗೆ ಅಂದು ಇಣುಕಿ ಬರುವುದಷ್ಟೇ ಆಯಿತು.

ಬೋಮ್ ಜೀಸಸ್‌ನ ಹೊರಮೈ ಮಾತ್ರ ನನಗೆ ಬಹಳ ಹಿಡಿಸಿತು. 1605ರಲ್ಲಿ ಪ್ರತಿಷ್ಠಾಪನೆಗೊಂಡ ಈ ಚರ್ಚಿನ ಗಾರೆಯನ್ನು ಕಳೆದ ಶತಮಾನದ ಮಧ್ಯದಲ್ಲಿ ಕೆತ್ತಿ ತೆಗೆದಿದ್ದರಿಂದ, ಒಳಗಿನ ಕೆಂಪು ಮುರಕಲ್ಲು ನಮ್ಮ ಕರಾವಳಿಯ ಹಳೆಯ ಮನೆಗಳ ಗೋಡೆಯ ಹಾಗೆ ಬರಿಮೈಯಲ್ಲಿ ನಿಂತಿದೆ. ನೋಟಕ್ಕೆ ಚೆಂದವೇನೋ ಹೌದು, ಆದರೆ ಮಳೆಗೆ ನೀರು ಹೀರಿ ಸವೆಯುವ ಕಲ್ಲಿಗೆ ಅದು ಒಳ್ಳೆಯದಲ್ಲ.

ಸೇ ಕೆಥೆಡ್ರಲ್ಲಿನ ಮುಂಭಾಗ ಮೊದಲ ನೋಟಕ್ಕೆ ಅರ್ಧ ಕಟ್ಟಿ ಬಿಟ್ಟಂತೆ ಕಾಣುತ್ತದೆ. ಬಲಗಡೆಯ ಗೋಪುರ 1776ರಲ್ಲಿ ಕುಸಿದುಬಿತ್ತು, ಮತ್ತೆ ಯಾರೂ ಕಟ್ಟಲಿಲ್ಲ. ಎಡಗಡೆಯದರಲ್ಲಿ ‘ಚಿನ್ನದ ಗಂಟೆ’ ಎಂದು ಹೆಸರಾದ ದೊಡ್ಡ ಗಂಟೆಯಿದೆ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಆಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾವನ್ನು ಕಸಿದುಕೊಂಡದ್ದು ಸಂತ ಕ್ಯಾಥರೀನಳ ಹಬ್ಬದ ದಿನವಾದ್ದರಿಂದ ಈ ಚರ್ಚು ಆಕೆಗೆ ಅರ್ಪಿತವಾಗಿದೆ, ಮತ್ತು ಚಿನ್ನದ ಲೇಪದ ಬೃಹತ್ ಬಲಿಪೀಠದಲ್ಲಿ ಆಕೆಯ ಬದುಕಿನ ಹಾಗೂ ಹುತಾತ್ಮ ಮರಣದ ದೃಶ್ಯಗಳಿವೆ. ನಾವಾಗಿಯೇ ಹೋದ ಸಲ ಅಮ್ಮ ಆ ಪೀಠದ ಮುಂದಿನ ಬೆಂಚಿನಲ್ಲಿ ಕುಳಿತು, ಒಂದೊಂದೇ ಫಲಕವನ್ನು ಕೇಳಿ ತಿಳಿದುಕೊಂಡು ನೋಡಿದರು. ಎಪ್ಪತ್ತಾರು ಮೀಟರ್ ಉದ್ದದ ಈ ಕಟ್ಟಡದಲ್ಲಿ ಎರಡು ಬಸ್ಸಿನ ಜನ ಬಂದರೂ ಯಾರೂ ಯಾರನ್ನೂ ತಳ್ಳಬೇಕಾಗಿಲ್ಲ. ಬೆಳೆಯುತ್ತ ಹೋಯಿತೆಂದು ಭಕ್ತರು ನಂಬುವ ಪವಾಡದ ಶಿಲುಬೆಯೂ ಇಲ್ಲೇ ಒಂದು ಪಕ್ಕದ ಗುಡಿಯಲ್ಲಿದೆ.

ಎರಡಕ್ಕೂ ಪ್ರವೇಶ ಉಚಿತ. ಎರಡರಲ್ಲೂ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಬೀಚಿನಿಂದ ನೇರವಾಗಿ ಚಡ್ಡಿಯಲ್ಲಿ ಬರುವವರು ಒಂದು ಪಂಚೆಯನ್ನಾದರೂ ಚೀಲದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಭಾನುವಾರ ಬೆಳಿಗ್ಗೆ ಬಲಿಪೂಜೆಯ, ಅಂದರೆ ಚರ್ಚಿನ ಪ್ರಾರ್ಥನೆಯ ಹೊತ್ತು, ಪ್ರವಾಸಿಗರದ್ದಲ್ಲ.

ಸಂತರ ಮೇಲಿನ ಭಕ್ತಿಯಿಂದಲೇ ಹೋಗುವವರಿಗೆ ನನ್ನ ಈ ಲೆಕ್ಕಾಚಾರ ಅನ್ವಯಿಸುವುದಿಲ್ಲ; ಅವರಿಗೆ ಬೋಮ್ ಜೀಸಸ್ಸೇ ಸರಿ. ಆದರೆ ಹತ್ತಿರದಿಂದ ಕಾಣಬೇಕೆಂಬ ಆಸೆಯಿದ್ದರೆ, ಹತ್ತು ವರ್ಷಕ್ಕೊಮ್ಮೆ ನಡೆಯುವ ಸಾರ್ವಜನಿಕ ದರ್ಶನದಲ್ಲಿ ಸಂತರ ಶರೀರವನ್ನು ಕೆಳಗಿಳಿಸಿ ಮೆರವಣಿಗೆಯಲ್ಲಿ ಒಯ್ಯುವುದು ಸೇ ಕೆಥೆಡ್ರಲ್ಲಿಗೇ. ಕಳೆದ ಬಾರಿಯದ್ದು 2025ರ ಜನವರಿಯಲ್ಲಿ ಮುಗಿದಿದೆ.

ನನ್ನಂತೆ ವಯಸ್ಸಾದವರನ್ನು ಕರೆದುಕೊಂಡು, ಕೈ ಹಿಡಿದು ಖರ್ಚು ಮಾಡುವವರು ಟೂರಿನ ಹಣ ಉಳಿಸಿ ಪಣಜಿಯಿಂದ ಬಸ್ಸು ಹಿಡಿದರೆ ಸಾಕು. ಬೆಳಿಗ್ಗೆ ಬೇಗ ಹೋಗಿ ಸೇ ಕೆಥೆಡ್ರಲ್ಲನ್ನು ನಿಧಾನವಾಗಿ ನೋಡಿ, ಬೋಮ್ ಜೀಸಸ್‌ನ ಸಾಲು ರಸ್ತೆಗೆ ಬಂದಿದ್ದರೆ ಅದನ್ನು ಹೊರಗಿನಿಂದಲೇ ನೋಡಿ, ಉಳಿದ ಸಮಯದಲ್ಲಿ ಸಂತ ಕಾಜೆಟನ್ ಚರ್ಚಿನ ಬಳಿ ಆದಿಲ್‌ಶಾಹಿ ಅರಮನೆಯದ್ದೆಂದು ಉಳಿದಿರುವ ಕಲ್ಲಿನ ಬಾಗಿಲನ್ನು ನೋಡಿಬರಬಹುದು.