ನೀಲಿ ಟಿಕ್, ಜೋಡಿ ಟಿಕ್, ತುಂಬಿದ ಟಿಕ್

ನನಗೆ ಕೆಂಪು-ಹಸಿರು ಬಣ್ಣಗುರುಡು. ಮಾವು ಹಣ್ಣಾಗಿದೆಯೋ ಇಲ್ಲವೋ ಅಂತ ಮೂಸಿ ನೋಡಿ ಕೊಳ್ಳುವ ಗಿರಾಕಿ. ಆಫೀಸಿನ ಚಾಟ್ ಆ್ಯಪ್‌ನಲ್ಲಿ (ಹೆಸರು ಬೇಡ) ಬಿಡುವಿದ್ದವರಿಗೆ ಹಸಿರು ಚುಕ್ಕೆ, ಮೀಟಿಂಗಿನಲ್ಲಿದ್ದವರಿಗೆ ಕೆಂಪು ಚುಕ್ಕೆ. ಗಾತ್ರ, ಆಕಾರ ಎರಡೂ ಒಂದೇ. ಕ್ಲೈಂಟ್ ಎದುರು ಕೂತಿದ್ದ ಮ್ಯಾನೇಜರಿಗೆ ಕಾಲ್ ಮಾಡಿ "ಊಟಕ್ಕೆ ಬರ್ತೀರಾ ಸರ್?" ಅಂದು ಬೈಸಿಕೊಂಡೆ.

ಅವತ್ತು ರಾತ್ರಿ ಮನೆಯ ಲ್ಯಾಪ್‌ಟಾಪಿನಲ್ಲಿದ್ದ ವಾಟ್ಸ್‌ಆ್ಯಪ್, ಟೆಲಿಗ್ರಾಂ, ಸಿಗ್ನಲ್ ಮೂರನ್ನೂ ಒರೆಗೆ ಹಚ್ಚಿದೆ. ವಿಂಡೋಸಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಕಲರ್ ಫಿಲ್ಟರ್ಸ್ ಅಂತ ಇದೆ. ಅಲ್ಲಿ ಗ್ರೇಸ್ಕೇಲ್ ಆರಿಸಿ, ಶಾರ್ಟ್‌ಕಟ್ ಆನ್ ಮಾಡಿಟ್ಟರೆ, ವಿಂಡೋಸ್-ಕಂಟ್ರೋಲ್-ಸಿ ಒತ್ತಿದ ಕೂಡಲೇ ಪರದೆ ಹಳೇ ದೂರದರ್ಶನದ ಹಾಗೆ ಕಪ್ಪು-ಬಿಳುಪು. ಬಣ್ಣ ಹೋದಮೇಲೂ ಅರ್ಥ ಉಳಿದರೆ ಪಾಸು.

ವಾಟ್ಸ್‌ಆ್ಯಪ್‌ನಲ್ಲಿ ಒಂದು ಟಿಕ್ ಅಂದರೆ ಹೋಯಿತು, ಎರಡು ಅಂದರೆ ತಲುಪಿತು. ಅಲ್ಲಿವರೆಗೆ ಸರಿ. ಓದಿದಾಗ ಮಾತ್ರ ಅದೇ ಜೋಡಿ ಟಿಕ್ ನೀಲಿಯಾಗುತ್ತದೆ, 2014ರ ನವೆಂಬರಿನಿಂದ ಇದೇ ಪದ್ಧತಿ. ಫಿಲ್ಟರ್ ಹಾಕಿದೆ, ತಲುಪಿದ್ದು ಯಾವುದು, ಓದಿದ್ದು ಯಾವುದು, ಗುರುತೇ ಸಿಗಲಿಲ್ಲ. ನನ್ನ ಕಣ್ಣಿಗೆ ನೀಲಿ ಚೆನ್ನಾಗೇ ಕಾಣುತ್ತದೆ ಅನ್ನಿ. ಆದರೆ ಸಂಜೆ ನೈಟ್ ಲೈಟ್ ಶುರುವಾಗಿ ಪರದೆಗೆ ಅರಿಶಿನ ಬಳಿದಂತಾದರೆ ಮೊದಲು ಸೊರಗುವುದು ನೀಲಿಯೇ.

ಟೆಲಿಗ್ರಾಂನದು ಸಲೀಸು. ಒಂದು ಟಿಕ್ ಹೋಯಿತು, ಎರಡು ಟಿಕ್ ಓದಿದರು. 'ತಲುಪಿತು' ಅನ್ನುವ ಹಂತವನ್ನೇ ಇಟ್ಟಿಲ್ಲ. ಒಬ್ಬರೇ ಫೋನು, ಟ್ಯಾಬು, ಕಂಪ್ಯೂಟರು ಎಲ್ಲದರಲ್ಲೂ ಲಾಗಿನ್ ಆಗಿರುವಾಗ ಯಾವುದಕ್ಕೆ ತಲುಪಿದ್ದನ್ನು ಲೆಕ್ಕಕ್ಕೆ ಹಿಡಿಯುವುದು ಅನ್ನುವುದು ಅವರ ವಾದ. ಒಪ್ಪಿದೆ. ಗ್ರೇಸ್ಕೇಲ್‌ನಲ್ಲೂ ಒಂದು ಒಂದೇ, ಎರಡು ಎರಡೇ. ಎಡವಿದ್ದು ಪರದೆಯ ಕೆಳಮೂಲೆಯಲ್ಲಿ ಗಡಿಯಾರದ ಪಕ್ಕ ಕೂರುವ ಅದರ ಪುಟ್ಟ ಐಕಾನಿನಲ್ಲಿ. ಮ್ಯೂಟ್ ಮಾಡಿದ ಗ್ರೂಪುಗಳಲ್ಲಿ ಓದದೇ ಉಳಿದ ಮೆಸೇಜುಗಳ ಲೆಕ್ಕಕ್ಕೆ ಬೂದು ಬಿಲ್ಲೆ, ಉಳಿದದ್ದಕ್ಕೆ ಕೆಂಪು. ಬಣ್ಣ ತೆಗೆದರೆ ಎರಡೂ ಅಣ್ಣತಮ್ಮ.

ಹೆಚ್ಚು ಹಿಡಿಸಿದ್ದು ಸಿಗ್ನಲ್. ಕಳಿಸುವಾಗ ಚುಕ್ಕಿಚುಕ್ಕಿ ವೃತ್ತ, ಹೋದಮೇಲೆ ವೃತ್ತದೊಳಗೆ ಟಿಕ್, ತಲುಪಿದರೆ ಅಂಥವು ಎರಡು, ಓದಿದರೆ ಆ ಎರಡೂ ವೃತ್ತಗಳ ಒಳಗೆ ಬಣ್ಣ ತುಂಬುತ್ತದೆ. ಖಾಲಿ ಲೋಟ, ತುಂಬಿದ ಲೋಟ ಇದ್ದಂತೆ, ಯಾವ ಬಣ್ಣವಾದರೇನು? ಪೂರ್ತಿ ಪಾಸು. ನನ್ನ 14 ಇಂಚಿನ ಪರದೆಯಲ್ಲಿ ಆ ವೃತ್ತಗಳು ಸಾಸಿವೆ ಕಾಳಿನಷ್ಟು ಅನ್ನಿಸಿದ್ದರಿಂದ ಸೆಟ್ಟಿಂಗ್ಸ್‌ಗೆ ಹೋಗಿ ಝೂಮ್ ಹೆಚ್ಚಿಸಿಕೊಂಡೆ.

ಹಾಗಂತ ಸಿಗ್ನಲ್‌ಗೇ ಬಾ ಅಂದರೆ ಅಮ್ಮ ಬರಬೇಕಲ್ಲ. ನೆಂಟರಿಷ್ಟರೆಲ್ಲ ಇರುವುದು ವಾಟ್ಸ್‌ಆ್ಯಪ್‌ನಲ್ಲಿ. ಸದ್ಯಕ್ಕೆ ಏಳು ಗಂಟೆಗೆ ಶುರುವಾಗುತ್ತಿದ್ದ ನೈಟ್ ಲೈಟನ್ನು ಹತ್ತಕ್ಕೆ ತಳ್ಳಿದ್ದೇನೆ. ಅಷ್ಟೊತ್ತಿಗೆ ಅಮ್ಮ ಮಲಗಿರುತ್ತಾಳೆ.